ಸಿನಿಮಾ, ಫೋಟೋಗ್ರಫಿಗೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ: ಬೇ ಏರಿಯಾದಲ್ಲಿ ಯಾವ ಕಾಲೇಜು? ಮಗಳು 12ನೇ ತರಗತಿ, ಎಚ್-4 ವೀಸಾ

ಶರಾವತಿ_ಸನ್ನಿವೇಲ್

ಎಲ್ಲರಿಗೂ ನಮಸ್ಕಾರ. ಮಗಳು 12ನೇ ತರಗತಿಯಲ್ಲಿದ್ದಾಳೆ, ಈಗ 17 ವರ್ಷ. ಓದಿನಲ್ಲಿ ಹಿಂದೆ ಬಿದ್ದವಳಲ್ಲ, ಗಣಿತದಲ್ಲೂ ಭೌತಶಾಸ್ತ್ರದಲ್ಲೂ ಒಳ್ಳೆಯ ಅಂಕಗಳಿವೆ. ಆದರೆ ಒಂಬತ್ತನೇ ತರಗತಿಯಲ್ಲಿ ಶಾಲೆಯ ಕ್ಯಾಮೆರಾ ಕೈಗೆ ಸಿಕ್ಕಂದಿನಿಂದ ಅವಳ ಮನಸ್ಸು ಬೇರೆ ಕಡೆ ಹೊರಳಿಲ್ಲ. ಕನ್ನಡ ಕೂಟದ ಕಾರ್ಯಕ್ರಮಗಳ ಚಿತ್ರೀಕರಣ, ಸಂಕಲನ ಎಲ್ಲವೂ ಅವಳದೇ. ಸಿನಿಮಾ ಮತ್ತು ಫೋಟೋಗ್ರಫಿಯನ್ನೇ ಓದುತ್ತೇನೆ ಎಂದು ಪಟ್ಟು ಹಿಡಿದಿದ್ದಾಳೆ.

ನಮ್ಮ ಪಟ್ಟಿಯಲ್ಲಿ ಕೂಪರ್ಟಿನೋದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜು ಇವೆ. ಮೂರೂ ಕಮ್ಯುನಿಟಿ ಕಾಲೇಜುಗಳು, ಅಂದರೆ ಎರಡು ವರ್ಷದ ಡಿಗ್ರಿ ಕೊಡುವ ಸರ್ಕಾರಿ ಕಾಲೇಜುಗಳು. ಇವುಗಳ ಜೊತೆಗೆ ಒಂದು ಖಾಸಗಿ ಕಲಾ ಕಾಲೇಜಿನಿಂದ ಪ್ರವೇಶ ಪತ್ರವೂ ಬಂದಿದೆ. ಅವರ ಸ್ಟುಡಿಯೋ ಚಿತ್ರಗಳನ್ನು ನೋಡಿ ಮಗಳು ಮರುಳಾಗಿದ್ದಾಳೆ. ಶುಲ್ಕ ನೋಡಿ ನಮಗೆ ನಿದ್ದೆ ಬರುತ್ತಿಲ್ಲ.

ನಾವು ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೇವೆ. ಐ-140, ಅಂದರೆ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕಿದ ಅರ್ಜಿ, ಮಂಜೂರಾಗಿದೆ, ಗ್ರೀನ್ ಕಾರ್ಡ್ ಸರತಿಯಲ್ಲಿ ಕಾಯುತ್ತಿದ್ದೇವೆ. ಮಗಳದು ಎಚ್-4, ಎಚ್-1ಬಿ ಇರುವವರ ಕುಟುಂಬಕ್ಕೆ ಕೊಡುವ ವೀಸಾ. ನಮ್ಮ ಯಜಮಾನರು ಕಂಪ್ಯೂಟರ್ ಸೈನ್ಸ್ ಓದಲಿ ಎನ್ನುತ್ತಾರೆ, ಆದರೆ ಅಡ್ಡಿ ಮಾಡುವವರಲ್ಲ. ಎರಡು ವರ್ಷದ ಈ ಡಿಗ್ರಿಗೆ ನಿಜವಾಗಿ ಬೆಲೆ ಇದೆಯೇ? ಎ.ಎ., ಎ.ಎಸ್., ಎ.ಎಸ್.-ಟಿ ಎಂದು ಮೂರು ಬಗೆ ಕಾಣಿಸುತ್ತಿವೆ, ಯಾವುದನ್ನು ಹಿಡಿಯಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಎರಡನೇ_ಸಹಾಯಕ

ಶರಾವತಿ ಅವರೇ, ನಾನು ಮೈಸೂರಿನವನು. ಇಲ್ಲಿನ ಕಮ್ಯುನಿಟಿ ಕಾಲೇಜೊಂದರಲ್ಲಿ ಓದಿ ಈಗ ಲಾಸ್ ಏಂಜಲೀಸ್‌ನಲ್ಲಿ ಕ್ಯಾಮೆರಾ ವಿಭಾಗದ ಎರಡನೇ ಸಹಾಯಕನಾಗಿ ದುಡಿಯುತ್ತಿದ್ದೇನೆ. ಕ್ಲಾಪ್ ಹೊಡೆಯುವುದು, ಲೆನ್ಸ್ ಪೆಟ್ಟಿಗೆಗಳನ್ನು ಸಿದ್ಧವಾಗಿಡುವುದು, ನಟರು ನಿಲ್ಲಬೇಕಾದ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸುವುದು, ದಿನದ ಕೊನೆಗೆ ಕ್ಯಾಮೆರಾ ವರದಿ ಬರೆಯುವುದು, ಇದು ನನ್ನ ಕೆಲಸ. ಸೆಟ್ಟಿನಲ್ಲಿ ಈವರೆಗೆ ಯಾರೂ ನನ್ನ ಡಿಗ್ರಿ ಪತ್ರ ಕೇಳಿಲ್ಲ. ಆದರೆ ನನಗೆ ಮೊದಲ ಕೆಲಸ ಕೊಡಿಸಿದ್ದು ಕಾಲೇಜೇ. ಜೊತೆಯಲ್ಲಿ ಓದಿದವಳೊಬ್ಬಳು ತನಗೆ ಬಂದ ಕೆಲಸಕ್ಕೆ ನನ್ನನ್ನೂ ಕರೆದಳು. ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಹೆಸರು ಹೋಯಿತು. ಈ ಉದ್ಯಮ ನಡೆಯುವುದೇ ಹೀಗೆ.

ಆದ್ದರಿಂದ ಕಾಲೇಜಿನ ಹೆಸರಿಗಿಂತ ಬೇರೆ ಸಂಗತಿಗಳನ್ನು ನೋಡಿ. ಕಾಲೇಜಿಗೆ ಹೋದಾಗ ಪ್ರವೇಶ ಕಚೇರಿಗಿಂತ ಮೊದಲು ಉಪಕರಣ ಕೊಡುವ ಕೌಂಟರ್ ಎಲ್ಲಿದೆ ಎಂದು ಕೇಳಿ, ಅಲ್ಲಿ ಹೋಗಿ ನಿಲ್ಲಿ. ಸಾಲಿನಲ್ಲಿರುವ ವಿದ್ಯಾರ್ಥಿಗಳನ್ನು ಮಾತನಾಡಿಸಿ. ಮೊದಲ ತರಗತಿಯಲ್ಲೇ ಕ್ಯಾಮೆರಾ ಕೈಗೆ ಕೊಡುತ್ತಾರೆಯೇ? ಶುಕ್ರವಾರ ತೆಗೆದುಕೊಂಡು ಹೋಗಿ ಸೋಮವಾರ ಹಿಂತಿರುಗಿಸಬಹುದೇ? ಒಂದು ಕ್ಯಾಮೆರಾಕ್ಕೆ ಎಷ್ಟು ಜನ ಕಾಯುತ್ತಾರೆ? ದುಬಾರಿ ಸಿನಿಮಾ ಕ್ಯಾಮೆರಾ ಗಾಜಿನ ಕಪಾಟಿನಲ್ಲಿದ್ದು, ಕೊನೆಯ ಅವಧಿಯವರಿಗೆ ಮಾತ್ರ ಸಿಗುವುದಾದರೆ ಅದರ ಚಿತ್ರವನ್ನು ಕರಪತ್ರದಲ್ಲಿ ನೋಡಿ ಸೇರಿದವರಿಗೆ ಏನೂ ಪ್ರಯೋಜನವಿಲ್ಲ. ಹತ್ತು ಸಾಧಾರಣ ಕ್ಯಾಮೆರಾಗಳಿರುವ ಕಾಲೇಜು ಆರಿ ಅಲೆಕ್ಸಾ ಎಂಬ ದುಬಾರಿ ಸಿನಿಮಾ ಕ್ಯಾಮೆರಾ ಒಂದೇ ಇರುವ ಕಾಲೇಜಿಗಿಂತ ಎಷ್ಟೋ ಮೇಲು.

ಎರಡನೆಯದಾಗಿ, ಕಳೆದ ವರ್ಷದ ವಿದ್ಯಾರ್ಥಿ ಚಿತ್ರಗಳನ್ನು ತೋರಿಸಿ ಎಂದು ಕೇಳಿ. ಬಹುಮಾನ ಬಂದ ಒಂದನ್ನು ಮಾತ್ರ ನೋಡಬೇಡಿ, ಎಲ್ಲವನ್ನೂ ನೋಡಿ. ನೋಡುವಾಗ ಧ್ವನಿಯನ್ನು ಗಮನಿಸಿ. ಚಿತ್ರ ಚೆನ್ನಾಗಿದ್ದು ಮಾತು ಬಾವಿಯೊಳಗಿಂದ ಬಂದಂತೆ ಕೇಳಿದರೆ, ಅಲ್ಲಿ ಧ್ವನಿಗ್ರಹಣವನ್ನು ಯಾರೂ ಮನಸ್ಸಿಟ್ಟು ಕಲಿಸುತ್ತಿಲ್ಲ ಎಂದೇ ಅರ್ಥ. ಧ್ವನಿ ಕಲಿತವರಿಗೆ ಕೆಲಸ ಬೇಗ ಸಿಗುತ್ತದೆ ಎನ್ನುವುದನ್ನು ಮಗಳಿಗೂ ಹೇಳಿ, ಎಲ್ಲರೂ ನಿರ್ದೇಶಕರೇ ಆಗಬೇಕೆಂದು ಬಂದಿರುತ್ತಾರೆ.

ಕೌನ್ಸೆಲರ್_ಕೋಲಾರ

ನಾನು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ವಿದ್ಯಾರ್ಥಿ ಸಲಹೆಗಾರ್ತಿ. ಡಿಗ್ರಿಗಳ ಗೊಂದಲವನ್ನು ಬಿಡಿಸುತ್ತೇನೆ.

ಅಸೋಸಿಯೇಟ್ ಡಿಗ್ರಿ ಎಂದರೆ ಸೆಮಿಸ್ಟರ್ ಲೆಕ್ಕದಲ್ಲಿ 60 ಯೂನಿಟ್ (ತರಗತಿಗಳ ಕ್ರೆಡಿಟ್), ಕ್ವಾರ್ಟರ್ (ಸುಮಾರು ಮೂರು ತಿಂಗಳ ಅವಧಿ) ಲೆಕ್ಕದಲ್ಲಿ 90. ಡಿ ಆಂಜಾ ಮತ್ತು ಫುಟ್‌ಹಿಲ್ ಕ್ವಾರ್ಟರ್ ಪದ್ಧತಿಯವು, ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಕಾಲೇಜು ಸೆಮಿಸ್ಟರ್ ಪದ್ಧತಿಯದು. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್. ಹಾಗಾಗಿ ಇಡೀ ಡಿಗ್ರಿಯ ಬೋಧನಾ ಶುಲ್ಕ ಹೆಚ್ಚು ಕಡಿಮೆ 2,800 ಡಾಲರ್. ಸಣ್ಣಪುಟ್ಟ ಕಾಲೇಜು ಶುಲ್ಕಗಳು ಇದಕ್ಕೆ ಸೇರುತ್ತವೆ. ಸಿನಿಮಾ ವಿದ್ಯಾರ್ಥಿಗೆ ನಿಜವಾದ ಖರ್ಚು ಇದರ ಹೊರಗಿದೆ: ಹಾರ್ಡ್ ಡ್ರೈವ್, ಮೆಮೊರಿ ಕಾರ್ಡ್, ಫೋಟೋ ಕಾಗದ, ಚಿತ್ರೀಕರಣದ ದಿನ ಗೆಳೆಯರಿಗೆ ಊಟ, ಓಡಾಟ. ಅದಕ್ಕೆ ಮೊದಲೇ ಹಣ ತೆಗೆದಿಡಿ.

ಇನ್ನು ಮೂರು ಬಗೆಯ ಡಿಗ್ರಿ. ಎ.ಎ. (ಅಸೋಸಿಯೇಟ್ ಇನ್ ಆರ್ಟ್ಸ್) ಮತ್ತು ಎ.ಎಸ್. (ಅಸೋಸಿಯೇಟ್ ಇನ್ ಸೈನ್ಸ್) ಆಯಾ ಕಾಲೇಜು ತಾನೇ ರೂಪಿಸಿದವು. ಇವುಗಳಲ್ಲಿ ಕೈಕೆಲಸದ ತರಗತಿಗಳು ಹೆಚ್ಚು. ಎ.ಎಸ್.-ಟಿ ಎನ್ನುವುದು ವರ್ಗಾವಣೆಗೆಂದೇ, ಅಂದರೆ ಬ್ಯಾಚಲರ್ ಮುಗಿಸಲು ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ಹೋಗುವುದಕ್ಕೆಂದೇ ಮಾಡಿದ್ದು. 2010ರ ರಾಜ್ಯ ಕಾನೂನಿನಿಂದ ಬಂದ ವ್ಯವಸ್ಥೆ ಇದು. ಈ ಡಿಗ್ರಿ ಮುಗಿಸಿ, ಬೇಕಾದ ಅಂಕಗಳಿದ್ದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಸಮೂಹದಲ್ಲಿ ಎಲ್ಲಾದರೂ ಒಂದು ಕಡೆ ಮೂರನೇ ವರ್ಷಕ್ಕೆ ಪ್ರವೇಶ ಖಚಿತ. ಆದರೆ ತಾನು ಬಯಸಿದ ಊರಿನ ವಿಶ್ವವಿದ್ಯಾಲಯದಲ್ಲೇ, ಬಯಸಿದ ವಿಭಾಗದಲ್ಲೇ ಸಿಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಬಹಳ ಪೋಷಕರು ಇಲ್ಲಿ ತಪ್ಪು ತಿಳಿಯುತ್ತಾರೆ. ಸಿನಿಮಾಕ್ಕೆ ಫಿಲ್ಮ್, ಟೆಲಿವಿಷನ್ ಅಂಡ್ ಎಲೆಕ್ಟ್ರಾನಿಕ್ ಮೀಡಿಯಾ ಎಂಬ ಎ.ಎಸ್.-ಟಿ ಇದೆ. ಹತ್ತಿರದಲ್ಲಿ ಸ್ಯಾನ್ ಹೋಸೆ ಸ್ಟೇಟ್‌ನ ರೇಡಿಯೋ-ಟೆಲಿವಿಷನ್-ಫಿಲ್ಮ್ ವಿಭಾಗ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್‌ನ ಸಿನಿಮಾ ವಿಭಾಗ, ಎರಡೂ ಮುಂದಿನ ಓದಿಗೆ ಒಳ್ಳೆಯ ತಾಣಗಳು.

ಒಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ವರ್ಗಾವಣೆಯ ಅರ್ಜಿ ಹಾಕುವುದು ಎರಡನೇ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ. ಅಂದರೆ ಅರ್ಜಿಯ ಹೊತ್ತಿಗೆ ವಿದ್ಯಾರ್ಥಿಯ ಕೈಯಲ್ಲಿರುವುದು ಮೊದಲ ವರ್ಷದ ಕೆಲಸ ಮಾತ್ರ. ಯುಸಿಎಲ್‌ಎಯಂಥ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಕಡೆ ಸಿನಿಮಾ ವಿಭಾಗಕ್ಕೆ ಅಂಕಗಳ ಜೊತೆಗೆ ಬರವಣಿಗೆ, ಸೃಜನಶೀಲ ಕೆಲಸ ಎಲ್ಲವನ್ನೂ ಕೇಳುತ್ತಾರೆ. ಮೊದಲ ವರ್ಷವನ್ನು ಇತಿಹಾಸ, ಇಂಗ್ಲಿಷ್, ಗಣಿತಗಳಲ್ಲಿ ಮುಗಿಸಿ ಎರಡನೇ ವರ್ಷ ಕ್ಯಾಮೆರಾ ಹಿಡಿಯೋಣ ಎಂದು ಯೋಜನೆ ಹಾಕಿದವರ ಬಳಿ ತೋರಿಸಲು ಏನೂ ಇರುವುದಿಲ್ಲ. ಮೊದಲ ಕ್ವಾರ್ಟರ್‌ನಿಂದಲೇ ಒಂದು ಪ್ರಾಯೋಗಿಕ ತರಗತಿ ಇರಲಿ. ಈ ತರಗತಿಗಳು ಒಂದರ ಮೇಲೊಂದು ನಿಂತಿರುತ್ತವೆ, ಮೊದಲನೆಯದು ತಪ್ಪಿದರೆ ಸರಪಳಿಯೇ ಹಿಂದೆ ಹೋಗುತ್ತದೆ.

ಪ್ಲೆಸಂಟನ್_ಅಪ್ಪ

ಎಲ್ಲರೂ ಹೇಗೆ ಓದಿಸಬೇಕು ಎಂದು ಹೇಳುತ್ತಿದ್ದೀರಿ. ಓದಿಸಬೇಕೇ ಎಂದು ಯಾರಾದರೂ ಕೇಳಬೇಕಲ್ಲ. 2023ರಲ್ಲಿ ಬರಹಗಾರರ ಮುಷ್ಕರ 148 ದಿನ, ನಟರದು 118 ದಿನ ನಡೆಯಿತು. ಆ ಹೊತ್ತಿನಲ್ಲಿ ನನ್ನ ಸ್ನೇಹಿತರ ಮಗ, ಸಂಕಲನಕಾರ, ಮನೆಗೆ ಮರಳಿ ಬಂದ. ಆಮೇಲೂ ಅವನಿಗೆ ಮೊದಲಿನಷ್ಟು ಕೆಲಸ ಬರಲಿಲ್ಲ. ಈಗ ವಾಕ್ಯ ಬರೆದರೆ ವಿಡಿಯೋ ಮಾಡಿಕೊಡುವ ತಂತ್ರಾಂಶಗಳು ಬಂದಿವೆ. ವೀಸಾ ಬೇರೆ ಕತ್ತಿಯಂತೆ ತೂಗುತ್ತಿದೆ. ಗಣಿತ ಚೆನ್ನಾಗಿ ಬರುವ ಹುಡುಗಿ ಕಂಪ್ಯೂಟರ್ ಸೈನ್ಸ್ ಓದಲಿ, ಕ್ಯಾಮೆರಾ ಶನಿವಾರ ಭಾನುವಾರಕ್ಕೆ ಇರಲಿ. ಶರಾವತಿ ಅವರೇ, ನಿಮ್ಮ ಮನೆಯವರ ಮಾತಿನಲ್ಲಿ ಹುರುಳಿದೆ.

ಎರಡನೇ_ಸಹಾಯಕ

ಸರ್, ನಿಮ್ಮ ಆತಂಕ ನಿಜವಾದದ್ದು. ಆ ಮುಷ್ಕರದ ತಿಂಗಳುಗಳಲ್ಲಿ ನಾನೂ ಮದುವೆ, ಕಂಪನಿ ಕಾರ್ಯಕ್ರಮಗಳ ಚಿತ್ರೀಕರಣ ಮಾಡಿ ಬಾಡಿಗೆ ಕಟ್ಟಿದ್ದೇನೆ. ಕೆಲಸ ರಾಜ್ಯದಿಂದ ಹೊರಗೆ ಹೋಗುತ್ತಿದೆ ಎನ್ನುವುದು ಸರ್ಕಾರಕ್ಕೂ ತಿಳಿದಿದೆ. ಅದಕ್ಕೇ 2025ರಲ್ಲಿ ಕ್ಯಾಲಿಫೋರ್ನಿಯಾ ಚಿತ್ರೋದ್ಯಮಕ್ಕೆ ಕೊಡುವ ತೆರಿಗೆ ರಿಯಾಯಿತಿಯನ್ನು ವರ್ಷಕ್ಕೆ 330 ದಶಲಕ್ಷ ಡಾಲರ್‌ನಿಂದ 750 ದಶಲಕ್ಷಕ್ಕೆ ಏರಿಸಿತು. ಕೆಲಸ ಮರಳಿ ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಆದರೆ ಬೇ ಏರಿಯಾದಲ್ಲಿ ಕ್ಯಾಮೆರಾ ಹಿಡಿದು ಬದುಕುವವರಲ್ಲಿ ಬಹುಪಾಲು ಜನ ಹಾಲಿವುಡ್‌ನವರಲ್ಲ. ಆಸ್ಪತ್ರೆ, ವಿಶ್ವವಿದ್ಯಾಲಯ, ತಂತ್ರಜ್ಞಾನ ಕಂಪನಿ, ವಸ್ತುಸಂಗ್ರಹಾಲಯ ಎಲ್ಲ ಕಡೆಯೂ ವಿಡಿಯೋ ಮಾಡುವವರು ಬೇಕು. ಅಲ್ಲಿ ಒಬ್ಬರೇ ಬೆಳಕು ಹಾಕಿ, ಧ್ವನಿ ಹಿಡಿದು, ಸಂಕಲನ ಮಾಡಿ ಕೊಡಬೇಕಾಗುತ್ತದೆ. ಎರಡು ವರ್ಷದ ಒಳ್ಳೆಯ ಡಿಗ್ರಿ ತಯಾರು ಮಾಡುವುದು ಇಂಥವರನ್ನೇ. ಜೊತೆಗೆ, 2,800 ಡಾಲರ್ ಖರ್ಚು ಮಾಡಿ ಎರಡು ವರ್ಷದ ನಂತರ ಇದು ನನಗಲ್ಲ ಎಂದು ತಿಳಿದರೂ ನಷ್ಟ ದೊಡ್ಡದಲ್ಲ, ಸಾಮಾನ್ಯ ವಿಷಯಗಳ ಯೂನಿಟ್‌ಗಳು ಬೇರೆ ಯಾವ ಡಿಗ್ರಿಗೂ ಸಲ್ಲುತ್ತವೆ. ಲಕ್ಷ ಡಾಲರ್ ಸಾಲ ಮಾಡಿ ಅದೇ ಮಾತು ತಿಳಿದರೆ ಬದುಕೇ ಅಲ್ಲಾಡುತ್ತದೆ. ನಾನು ಕಮ್ಯುನಿಟಿ ಕಾಲೇಜಿನ ಪರ ನಿಲ್ಲುವುದು ಈ ಕಾರಣಕ್ಕೆ.

ನೈಲ್ಸ್_ಕತ್ತಲೆಕೋಣೆ

ನಾನು ಸ್ಥಿರಚಿತ್ರಗಳ ಕಡೆಯವಳು, ಫ್ರೀಮಾಂಟ್‌ನ ನೈಲ್ಸ್‌ನಲ್ಲಿದ್ದೇನೆ. ನಮ್ಮ ಬೀದಿಯಾಚೆಯೇ 1915ರಲ್ಲಿ ಚಾಪ್ಲಿನ್ ಎಸ್ಸನೇ ಸ್ಟುಡಿಯೋಕ್ಕಾಗಿ ಚಿತ್ರಗಳನ್ನು ತೆಗೆದದ್ದು. ಇನ್ನೂ ಹಿಂದೆ ಹೋದರೆ, 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಓಡುವ ಕುದುರೆಯನ್ನು ಸಾಲು ಕ್ಯಾಮೆರಾಗಳಿಂದ ಹಿಡಿದದ್ದು ಪಾಲೋ ಆಲ್ಟೋದಲ್ಲಿ, ಸ್ಟ್ಯಾನ್‌ಫರ್ಡ್ ಅವರ ಕುದುರೆ ಫಾರ್ಮಿನಲ್ಲಿ. ಸ್ಥಿರಚಿತ್ರ ಚಲನಚಿತ್ರವಾಗುವ ದಾರಿಯ ಮೊದಲ ದೊಡ್ಡ ಹೆಜ್ಜೆ ನಿಮ್ಮ ಮನೆಯಿಂದ ಅರ್ಧ ಗಂಟೆಯ ದೂರದಲ್ಲಿ ಬಿದ್ದಿದೆ ಶರಾವತಿ ಅವರೇ, ಮಗಳನ್ನು ಈ ಜಾಗಗಳಿಗೆ ಕರೆದುಕೊಂಡು ಹೋಗಿ.

ಖಾಸಗಿ ಕಾಲೇಜಿನ ಬಗ್ಗೆ ಹೇಳಲೇಬೇಕು. ಸ್ಯಾನ್ ಫ್ರಾನ್ಸಿಸ್ಕೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ 1945ರಲ್ಲಿ ಫೋಟೋಗ್ರಫಿ ವಿಭಾಗ ಕಟ್ಟಿದವರು ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್. ಅಂಥ ಹೆಸರಿನ ಸಂಸ್ಥೆ 2022ರಲ್ಲಿ ಬೋಧನೆ ನಿಲ್ಲಿಸಿತು. ಸಾಂತಾ ಬಾರ್ಬರಾದ ಬ್ರೂಕ್ಸ್ ಇನ್‌ಸ್ಟಿಟ್ಯೂಟ್ ಕೂಡ 1945ರದ್ದೇ, ಫೋಟೋಗ್ರಫಿ ಎಂದರೆ ಬ್ರೂಕ್ಸ್ ಎನ್ನುವಷ್ಟು ಖ್ಯಾತಿ ಇತ್ತು. ಅದು 2016ರಲ್ಲಿ ಬಾಗಿಲು ಹಾಕಿತು. ದೇಶದ ತುಂಬ ಶಾಖೆಗಳಿದ್ದ ದಿ ಆರ್ಟ್ ಇನ್‌ಸ್ಟಿಟ್ಯೂಟ್ಸ್ 2023ರ ಸೆಪ್ಟೆಂಬರ್ ಕೊನೆಗೆ ಒಂದೇ ಸಲ ಮುಚ್ಚಿತು. ಅಲ್ಲಿ ಹಿಂದೆ ಓದಿದ್ದ ಸುಮಾರು 3,17,000 ಜನರ 6.1 ಶತಕೋಟಿ ಡಾಲರ್ ಸಾಲವನ್ನು ಮರುವರ್ಷ ಕೇಂದ್ರ ಶಿಕ್ಷಣ ಇಲಾಖೆ ಮನ್ನಾ ಮಾಡಬೇಕಾಯಿತು. ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಖಾಸಗಿ ಕಾಲೇಜೊಂದರಲ್ಲಿ ಅರ್ಧ ಓದಿದ್ದಾಗ ಅದು ನಿಂತುಹೋಯಿತು, ಅವನ ಯೂನಿಟ್‌ಗಳಲ್ಲಿ ಹೆಚ್ಚಿನವನ್ನು ಬೇರೆ ಯಾವ ಕಾಲೇಜೂ ಒಪ್ಪಿಕೊಳ್ಳಲಿಲ್ಲ. ಎಲ್ಲ ಖಾಸಗಿ ಕಾಲೇಜುಗಳೂ ಹೀಗೆ ಎಂದಲ್ಲ. ಆದರೆ ಪ್ರವೇಶ ಪತ್ರಕ್ಕೆ ಸಹಿ ಹಾಕುವ ಮುಂಚೆ, ಇಲ್ಲಿನ ಯೂನಿಟ್‌ಗಳನ್ನು ಸ್ಯಾನ್ ಹೋಸೆ ಸ್ಟೇಟ್ ಒಪ್ಪುತ್ತದೆಯೇ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಕೇಳಿ. ಬಾಯಿ ಮಾತಿನ ಉತ್ತರ ಸಾಲದು.

ನಿಮ್ಮ ಮಗಳು ಎರಡನ್ನೂ ಓದುತ್ತೇನೆ ಎನ್ನುತ್ತಾಳೆ. ಕಾಲೇಜುಗಳಲ್ಲಿ ಸಿನಿಮಾ ಒಂದು ವಿಭಾಗ, ಫೋಟೋಗ್ರಫಿ ಇನ್ನೊಂದು ವಿಭಾಗ, ಕಟ್ಟಡವೂ ಬೇರೆ ಬೇರೆ ಇರಬಹುದು. ಡಿಗ್ರಿ ಒಂದರಲ್ಲಿ ತೆಗೆದುಕೊಂಡು ಇನ್ನೊಂದರಿಂದ ಬೇಕಾದ ತರಗತಿಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಸಿನಿಮಾ ಡಿಗ್ರಿಯೇ ಆದರೂ ಕಪ್ಪು-ಬಿಳುಪು ಫಿಲ್ಮ್ ತೊಳೆದು ಮುದ್ರಿಸುವ ಒಂದು ತರಗತಿ, ಸ್ಟುಡಿಯೋ ಬೆಳಕಿನ ಒಂದು ತರಗತಿ ಕಡ್ಡಾಯವಾಗಿ ಮಾಡಲಿ. ರೋಲಿನಲ್ಲಿ 36 ಚಿತ್ರಗಳಷ್ಟೇ ಇವೆ, ತೆಗೆದದ್ದು ಕೂಡಲೇ ಕಾಣುವುದಿಲ್ಲ ಎಂದಾಗ ಕಣ್ಣು ಬೆಳಕನ್ನು ಅಳೆಯಲು ಕಲಿಯುತ್ತದೆ. ಹಿಂದಿನ ಪರದೆಯನ್ನು ನೋಡಿ ನೋಡಿ ಸರಿಪಡಿಸುವವರಿಗೆ ಆ ಅಂದಾಜು ಬರುವುದು ತಡ. ಡಾರ್ಕ್‌ರೂಮ್ ಇನ್ನೂ ನಡೆಯುತ್ತಿದೆಯೇ, ವಾರದಲ್ಲಿ ಎಷ್ಟು ಗಂಟೆ ತೆರೆದಿರುತ್ತದೆ ಎಂದು ಪ್ರತಿ ಕಾಲೇಜಿನಲ್ಲೂ ವಿಚಾರಿಸಿ. ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಕಾಲೇಜಿನ ಫೋಟೋಗ್ರಫಿ ವಿಭಾಗ ಹಳೆಯದು, ಒಳ್ಳೆಯದು. ಆದರೆ ಸನ್ನಿವೇಲ್‌ನಿಂದ ದಿನವೂ ಕ್ಯಾಲ್‌ಟ್ರೇನ್ ಹಿಡಿದು, ಕ್ಯಾಮೆರಾದ ಮುಕ್ಕಾಲಿ (ಟ್ರೈಪಾಡ್) ಹೊತ್ತುಕೊಂಡು ಓಡಾಡುವುದು ಸುಲಭವಲ್ಲ. ಅಲ್ಲಿನ ಉಚಿತ ಶಿಕ್ಷಣ ಆ ನಗರದ ನಿವಾಸಿಗಳಿಗೆ ಮಾತ್ರ.

ಕಾಯುವ_ಸಾಲು

ವೀಸಾ ವಿಷಯವನ್ನು ಯಾರೂ ಸರಿಯಾಗಿ ಮುಟ್ಟಿಲ್ಲ. ನಮ್ಮ ಮಗನೂ ಇದೇ ದಾರಿಯಲ್ಲಿ ಬಂದವನು, ಅದಕ್ಕೆ ವಿವರವಾಗಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ಕೊನೆಯ ಮಾತು ನಿಮ್ಮ ವಕೀಲರದ್ದು.

ಎಚ್-4ರಲ್ಲಿ ಓದಬಹುದು, ಪೂರ್ಣಾವಧಿಯಾಗಲಿ ಅರೆಕಾಲಿಕವಾಗಲಿ ತೊಂದರೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸಿದ ದಾಖಲೆ ಇದ್ದರೆ ಎಚ್-4 ಮಕ್ಕಳನ್ನೂ ನಿವಾಸಿ ಎಂದು ಪರಿಗಣಿಸಬಹುದು. ಮೇಲೆ ಹೇಳಿದ 46 ಡಾಲರ್, 31 ಡಾಲರ್ ದರ ನಿಮಗೆ ಸಿಗುವುದು ಹಾಗೆ. ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್‌ನಂಥ ನೆರವು ಮಾತ್ರ ಸಿಗದು.

ಆದರೆ ಎಚ್-4 ಮಕ್ಕಳು ದುಡಿಯುವಂತಿಲ್ಲ. ಬೇರೆ ವಿಷಯ ಓದುವವರಿಗೆ ಇದು ಎರಡು ವರ್ಷ ತಡೆದುಕೊಳ್ಳಬಹುದಾದ ತೊಡಕು. ಸಿನಿಮಾ ಓದುವವರಿಗೆ ಹಾಗಲ್ಲ, ಕಲಿಕೆಯ ಅರ್ಧ ಭಾಗ ಇರುವುದೇ ಬೇರೆಯವರ ಸೆಟ್ಟಿನಲ್ಲಿ. ದಿನಗೂಲಿಗೆ ಸಹಾಯಕಿಯಾಗಿ ಹೋಗುವಂತಿಲ್ಲ, ಮದುವೆ ಫೋಟೋ ತೆಗೆದು ಹಣ ಪಡೆಯುವಂತಿಲ್ಲ. ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟರೂ ಪ್ರಶ್ನೆ ಏಳಬಹುದು. ತರಗತಿಯ ಭಾಗವಾದ ಚಿತ್ರಗಳು, ಸಹಪಾಠಿಗಳ ಚಿತ್ರಗಳು, ಇವುಗಳಲ್ಲಿ ಅವಳು ಎಷ್ಟು ಬೇಕಾದರೂ ದುಡಿಯಲಿ. ಹಾಗಾಗಿ ಕಾಲೇಜಿನ ಒಳಗೇ ಹೆಚ್ಚು ಚಿತ್ರೀಕರಣ ಮಾಡಿಸುವ ವಿಭಾಗ ನಿಮಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. ಇಂಟರ್ನ್‌ಶಿಪ್ ಕೊಡಿಸುತ್ತೇವೆ ಎಂದು ಹೆಮ್ಮೆಪಡುವ ಕಾಲೇಜಿನಿಂದ ನಿಮ್ಮ ಮಗಳಿಗೆ ಈಗ ಸಿಗುವುದು ಕಡಿಮೆ.

21 ತುಂಬಿದರೆ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಎಫ್-1 ಆದರೆ ನಿವಾಸಿ ದರ ಹೋಗಿ ಹೊರಗಿನವರ ದರ ಬರುತ್ತದೆ, ಅದು ಹಲವು ಪಟ್ಟು ಹೆಚ್ಚು. ಅಸೋಸಿಯೇಟ್ ಡಿಗ್ರಿಯ ಎರಡು ವರ್ಷ ಎಚ್-4ರಲ್ಲೇ ಮುಗಿದರೆ 19, 20ರ ವಯಸ್ಸಿಗೆ ಅಗ್ಗದ ಭಾಗ ಮುಗಿದಂತೆ. ದುಬಾರಿ ಭಾಗ ಕೊನೆಯ ಎರಡು ವರ್ಷಗಳಿಗೆ ಮಾತ್ರ ಉಳಿಯುತ್ತದೆ. ಎಫ್-1ರಲ್ಲಿ ಡಿಗ್ರಿ ಮುಗಿಸಿದ ಮೇಲೆ 12 ತಿಂಗಳು ಕೆಲಸ ಮಾಡುವ ಒಪಿಟಿ ಅವಕಾಶವಿದೆ. ಇನ್ನೂ 24 ತಿಂಗಳ ವಿಸ್ತರಣೆ ಸಿಗುವುದು ಬ್ಯಾಚಲರ್ ಅಥವಾ ಅದಕ್ಕೂ ಮೇಲಿನ ಡಿಗ್ರಿಗೆ, ಅದೂ ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿರುವ ವಿಷಯಕ್ಕೆ. ಸಿನಿಮಾಟೋಗ್ರಫಿ ಆ ಪಟ್ಟಿಯಲ್ಲಿಲ್ಲ. ಅನಿಮೇಷನ್-ವಿಡಿಯೋ ಗ್ರಾಫಿಕ್ಸ್, ಡಿಜಿಟಲ್ ಮಾಧ್ಯಮದಂಥ ಕೆಲವು ವಿಷಯಗಳು ಇವೆ. ಬ್ಯಾಚಲರ್‌ಗೆ ವಿಭಾಗ ಆರಿಸುವಾಗ ಆ ಡಿಗ್ರಿಯ ಸಿಐಪಿ ಸಂಖ್ಯೆ (ಓದುವ ವಿಷಯಕ್ಕೆ ಕೇಂದ್ರ ಸರ್ಕಾರ ಕೊಟ್ಟ ಗುರುತು) ಏನೆಂದು ಕೇಳುವುದನ್ನು ಮರೆಯಬೇಡಿ. ಮನಸ್ಸಿಗೆ ಒಪ್ಪದ್ದನ್ನು ಓದಲಿ ಎಂದು ಹೇಳುತ್ತಿಲ್ಲ, ಒಂದೇ ಬಗೆಯ ಎರಡು ಡಿಗ್ರಿಗಳ ನಡುವೆ ಆಯ್ಕೆ ಬಂದಾಗ ಇದು ಎರಡು ವರ್ಷಗಳ ವ್ಯತ್ಯಾಸ.

ಪ್ಲೆಸಂಟನ್_ಅಪ್ಪ

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದರೆ ಎರಡು ವರ್ಷದ ಲೆಕ್ಕ ಈಗ ಅರ್ಥವಾಯಿತು.

ಅಟ್ಲಾಂಟಾ_ಕನ್ನಡತಿ

ಜಾರ್ಜಿಯಾದಲ್ಲಿ ಚಿತ್ರೀಕರಣ ಜೋರು, ಮಗಳನ್ನು ಇಲ್ಲಿಗೇ ಕಳಿಸಬಹುದಲ್ಲ ಎಂದು ಯಾರಾದರೂ ಹೇಳುವ ಮೊದಲೇ ಬರೆಯುತ್ತೇನೆ. 2008ರ ತೆರಿಗೆ ರಿಯಾಯಿತಿಯಿಂದ ಇಲ್ಲಿ ಉದ್ಯಮ ಬೆಳೆದದ್ದು ನಿಜ. 2015ರಲ್ಲಿ ಶುರುವಾದ ಜಾರ್ಜಿಯಾ ಫಿಲ್ಮ್ ಅಕಾಡೆಮಿ ರಾಜ್ಯದ ಕಾಲೇಜುಗಳ ಜೊತೆ ಸೇರಿ ಸೆಟ್ ಕೆಲಸ ಕಲಿಸುತ್ತದೆ, ಇಲ್ಲಿನ ನಿವಾಸಿಗಳಿಗೆ ಅದು ಒಳ್ಳೆಯ ಅವಕಾಶ. ಆದರೆ ಅದರ ಬಲ ಇರುವುದೇ ಕಲಿತ ಕೂಡಲೇ ಸಂಬಳದ ಕೆಲಸಕ್ಕೆ ಕಳಿಸುವುದರಲ್ಲಿ. ಎಚ್-4 ಮಗಳಿಗೆ ಅದೇ ಸಾಧ್ಯವಿಲ್ಲ. ಹೊರರಾಜ್ಯದ ಶುಲ್ಕ, ಬಾಡಿಗೆ, ಕಾರು ಸೇರಿದರೆ ಅರ್ಥವಿಲ್ಲದ ಖರ್ಚು. ಅಲ್ಲೇ ಓದಲಿ.

ಹಳೆಯ_ಪಾಲಿಟೆಕ್ನಿಕ್

ಬೆಂಗಳೂರಿನಿಂದ ಬರೆಯುತ್ತಿದ್ದೇನೆ ತಂಗಿ. ಬ್ಯಾಚಲರ್ ಅಲ್ಲದ ಡಿಗ್ರಿ ಎಂದು ನಿಮ್ಮ ಮನೆಯವರಿಗೆ ಅಳುಕಿದ್ದರೆ ಒಂದು ಮಾತು ಹೇಳಿ. ನಮ್ಮ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದವರು ಮೈಸೂರಿನ ವಿ.ಕೆ. ಮೂರ್ತಿ. ಮುಂದೆ ಮುಂಬಯಿಯಲ್ಲಿ ಗುರುದತ್ ಅವರ ಚಿತ್ರಗಳಿಗೆ ಅವರು ಹಿಡಿದ ಬೆಳಕನ್ನು ಇಂದಿಗೂ ಪಾಠ ಮಾಡುತ್ತಾರೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ ಅವರೂ ಅದೇ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಕಲಿತು ಹೊರಬಂದವರು. ಇಬ್ಬರ ಕೈಯಲ್ಲೂ ಇದ್ದದ್ದು ಡಿಪ್ಲೊಮಾ. ಕಲಿಸುವವರು ಒಳ್ಳೆಯವರಿದ್ದು, ಉಪಕರಣ ಕೈಗೆ ಸಿಕ್ಕು, ಹುಡುಗಿಗೆ ಛಲವಿದ್ದರೆ ಸಾಕು. ಅಲ್ಲಿನ ನಿಯಮಗಳ ಬಗ್ಗೆ ಉಳಿದವರು ಹೇಳಿದ್ದಾರೆ, ನಾನು ಅದರಲ್ಲಿ ಮಾತನಾಡಲಾರೆ.

ಶರಾವತಿ_ಸನ್ನಿವೇಲ್

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ಇಲ್ಲಿ ಬಂದ ಪ್ರತಿ ಉತ್ತರವನ್ನೂ ಮಗಳಿಗೆ ಓದಿ ಹೇಳಿದೆ. ವಿ.ಕೆ. ಮೂರ್ತಿಯವರ ಬಗ್ಗೆ ಕೇಳಿ ಅವರ ಕೆಲಸವನ್ನು ಆಗಲೇ ಹುಡುಕಿ ನೋಡುತ್ತಿದ್ದಾಳೆ.

ಡಿ ಆಂಜಾ ಮತ್ತು ಫುಟ್‌ಹಿಲ್‌ಗೆ ಹೋಗಿ ಬಂದೆವು. ಎರಡನೇ_ಸಹಾಯಕ ಅವರು ಹೇಳಿದಂತೆ ವಿದ್ಯಾರ್ಥಿಗಳನ್ನೇ ಮಾತನಾಡಿಸಿದೆವು. ಸಿನಿಮಾ ವಿಭಾಗದ ಹುಡುಗಿಯೊಬ್ಬಳು ಮಗಳ ಜೊತೆ ಬಹಳ ಹೊತ್ತು ಕುಳಿತು ತಾನು ಮಾಡಿದ ಚಿತ್ರಗಳನ್ನು ತೋರಿಸಿದಳು. ಅವುಗಳಲ್ಲಿ ಕೆಲವಕ್ಕೆ ನಿರ್ದೇಶಕಿ, ಕೆಲವಕ್ಕೆ ಮೈಕ್ ಹಿಡಿದವಳು. ಫೋಟೋಗ್ರಫಿ ಲ್ಯಾಬ್‌ನ ವಾಸನೆ ಮಗಳಿಗೆ ಹಿಡಿಸಿಬಿಟ್ಟಿದೆ. ಖಾಸಗಿ ಕಾಲೇಜಿಗೆ ಯೂನಿಟ್‌ಗಳ ಬಗ್ಗೆ ಲಿಖಿತವಾಗಿ ಕೇಳಿದೆ. ಬಂದ ಉತ್ತರದಲ್ಲಿ ನಮ್ಮ ಸ್ಟುಡಿಯೋ ನೋಡಲು ಬನ್ನಿ ಎಂದಿತ್ತು, ನಾನು ಕೇಳಿದ ಪ್ರಶ್ನೆಗೆ ಒಂದು ಸಾಲೂ ಇರಲಿಲ್ಲ. ಆ ಪ್ರವೇಶವನ್ನು ಬಿಟ್ಟಿದ್ದೇವೆ.

ನಮ್ಮ ಯಜಮಾನರು ಕೇಳಿದ್ದು ಒಂದೇ: ಎರಡು ವರ್ಷ ಓದಿ ಬೇಡವೆನಿಸಿದರೆ? ಮಗಳ ಉತ್ತರವನ್ನು ಅವಳ ಪರವಾಗಿ ಬರೆಯುತ್ತೇನೆ. ಕಥಾಚಿತ್ರಕ್ಕಿಂತ ಸಾಕ್ಷ್ಯಚಿತ್ರ ಮಾಡುವ ಆಸೆ, ಇಲ್ಲಿಗೆ ಬಂದ ನಮ್ಮವರ ಅಜ್ಜ-ಅಜ್ಜಿಯರನ್ನು ಮಾತನಾಡಿಸಿ ದಾಖಲಿಸಬೇಕು, ಅದಕ್ಕೆ ಕ್ಯಾಮೆರಾ, ಧ್ವನಿ, ಸಂಕಲನ ಮೂರೂ ಒಬ್ಬಳಿಗೇ ಬರಬೇಕು ಎಂದಳು. ಬೇಡವೆನಿಸುವುದೋ ಇಲ್ಲವೋ ಎಂದು ಮೊದಲೇ ತಿಳಿಯುವ ದಾರಿ ಇದೆಯೇ? ಕ್ಯಾಮೆರಾ ಈಗಲೇ ಕೊಡಿಸಬೇಕೇ?

ಕೌನ್ಸೆಲರ್_ಕೋಲಾರ

ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಹೈಸ್ಕೂಲ್ ವಿದ್ಯಾರ್ಥಿಗಳು ಓದುತ್ತಿರುವಾಗಲೇ ಕಮ್ಯುನಿಟಿ ಕಾಲೇಜಿನ ತರಗತಿಗೆ ಸೇರಬಹುದು. ಇದನ್ನು ಡ್ಯುಯಲ್ ಎನ್‌ರೋಲ್‌ಮೆಂಟ್ ಎನ್ನುತ್ತೇವೆ, ಅರೆಕಾಲಿಕವಾಗಿ ಸೇರಿದರೆ ಯೂನಿಟ್ ಶುಲ್ಕವೂ ಇರುವುದಿಲ್ಲ. ಡಿ ಆಂಜಾದಲ್ಲಿ ವಸಂತದ ಕ್ವಾರ್ಟರ್ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಶಾಲೆಯ ಸಲಹೆಗಾರರ ಮತ್ತು ನಿಮ್ಮ ಸಹಿ ಇರುವ ಒಪ್ಪಿಗೆ ಪತ್ರ ಬೇಕು, ಈ ವಾರವೇ ಶಾಲೆಯಲ್ಲಿ ಕೇಳಿ. ಸಿನಿಮಾ ಇತಿಹಾಸದ ತರಗತಿ ಬೇಡ, ಕೈಗೆ ಕೆಲಸ ಕೊಡುವ ಪ್ರಾಥಮಿಕ ತರಗತಿಯನ್ನೇ ಆರಿಸಲಿ. ಅದರ ಯೂನಿಟ್‌ಗಳು ಮುಂದಿನ ಡಿಗ್ರಿಗೆ ಸೇರುತ್ತವೆ, ಸರಪಳಿಯ ಮೊದಲ ಕೊಂಡಿಯೂ ಮುಗಿಯುತ್ತದೆ. ಅಲ್ಲಿನ ಅಂಕ ಕಾಲೇಜಿನ ಶಾಶ್ವತ ದಾಖಲೆಯಲ್ಲಿ ಉಳಿಯುತ್ತದೆ ಎಂಬ ಎಚ್ಚರ ಇರಲಿ.

ಡಿಗ್ರಿಯ ಬಗ್ಗೆ ನನ್ನ ಸಲಹೆ: ಫಿಲ್ಮ್-ಟೆಲಿವಿಷನ್ ಎ.ಎಸ್.-ಟಿ ಗುರಿಯಾಗಿ ಇಟ್ಟುಕೊಂಡು, ಫೋಟೋಗ್ರಫಿಯ ಎರಡು ತರಗತಿಗಳನ್ನು ಮೇಲಿಂದ ಸೇರಿಸಿಕೊಳ್ಳಲಿ. ಯುಸಿಯ, ಅಂದರೆ ಯುಸಿಎಲ್‌ಎ ಸೇರಿರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸಮೂಹದ, ಆಸೆಯೂ ಇದ್ದರೆ ಸಾಮಾನ್ಯ ವಿಷಯಗಳನ್ನು ಕ್ಯಾಲ್-ಜೆಟ್ಸಿ ಮಾದರಿಯಲ್ಲಿ ಮುಗಿಸಲಿ. 2025ರ ಶರತ್ಕಾಲದಿಂದ ಎರಡೂ ವಿಶ್ವವಿದ್ಯಾಲಯ ಸಮೂಹಗಳಿಗೆ ಅದೊಂದೇ ಮಾದರಿ. ಯಾವ ಕಾಲೇಜಿನ ಯಾವ ತರಗತಿ ಎಲ್ಲಿ ಸಲ್ಲುತ್ತದೆ ಎಂಬುದನ್ನು ರಾಜ್ಯದ ಅಸಿಸ್ಟ್ ಜಾಲತಾಣದಲ್ಲಿ ನೀವೇ ನೋಡಬಹುದು. ನೋಡಿದ ಮೇಲೂ ಕಾಲೇಜಿನ ಕೌನ್ಸೆಲರ್ ಬಳಿ ಕುಳಿತು ಎರಡು ವರ್ಷದ ಯೋಜನೆ ಬರೆಸಿಕೊಳ್ಳಿ.

ಕಾಯುವ_ಸಾಲು

ಡ್ಯುಯಲ್ ಎನ್‌ರೋಲ್‌ಮೆಂಟ್‌ಗೆ ಎಚ್-4 ಅಡ್ಡಿಯಿಲ್ಲ, ನಮ್ಮ ಮಗನೂ ಮಾಡಿದ್ದ. ನಿವಾಸಿ ದರಕ್ಕೆ ಬೇಕಾದ ಕಾಗದಗಳನ್ನು ಈಗಲೇ ಒಂದು ಕಡತದಲ್ಲಿ ಇಡಿ: ಐ-94 (ದೇಶಕ್ಕೆ ಬಂದ ದಾಖಲೆ), ತೆರಿಗೆ ಪತ್ರ, ಬಾಡಿಗೆ ಒಪ್ಪಂದ, ಶಾಲೆಯ ದಾಖಲೆ. ಬೇಸಿಗೆ ಮುಗಿದು ಶರತ್ಕಾಲದ ಪ್ರವೇಶದ ಹೊತ್ತಿಗೆ ಕೇಳಿದರೆ ಓಡಾಡುವುದು ಕಷ್ಟ.

ನೈಲ್ಸ್_ಕತ್ತಲೆಕೋಣೆ

ಅಜ್ಜ-ಅಜ್ಜಿಯರ ಯೋಚನೆ ಬಹಳ ಚೆನ್ನಾಗಿದೆ. ಕಾಲೇಜಿಗಾಗಿ ಕಾಯಬೇಕಿಲ್ಲ, ಸಂಕ್ರಾಂತಿಗೋ ಯುಗಾದಿಗೋ ಕೂಟದಲ್ಲಿ ಸೇರುವ ಹಿರಿಯರಿಂದಲೇ ಶುರು ಮಾಡಲಿ. ಅವರು ಆರು ತಿಂಗಳಿಗೆಂದು ಬರುತ್ತಾರೆ, ಮರಳಿ ಹೋಗುತ್ತಾರೆ. ವರ್ಗಾವಣೆಯ ಅರ್ಜಿಗೂ ಆ ಕೆಲಸವೇ ಆಗುತ್ತದೆ. ಡಾರ್ಕ್‌ರೂಮ್ ತರಗತಿಗೆ ಹಳೆಯ ಪೆಂಟ್ಯಾಕ್ಸ್ ಕೆ1000 ಸಾಕು, ಪೂರ್ತಿ ಕೈಯಿಂದಲೇ ಹೊಂದಿಸುವ ಕ್ಯಾಮೆರಾ ಅದು. ಕಾಲೇಜಿನಲ್ಲಿ ಎರವಲು ಸಿಗುತ್ತದೆಯೇ ಎಂದು ಮೊದಲು ಕೇಳಿ.

ಎರಡನೇ_ಸಹಾಯಕ

ದೊಡ್ಡ ಕ್ಯಾಮೆರಾ ಈಗ ಬೇಡ ಅಕ್ಕ, ಕಾಲೇಜು ಕೊಡುತ್ತದೆ. ಕೊಡಿಸಲೇಬೇಕೆಂದರೆ ಬೇರೆಯವರು ಬಳಸಿದ ಒಂದು ಮಿರರ್‌ಲೆಸ್ ಕ್ಯಾಮೆರಾ ಸಾಕು. ಬೆಳಕಿನ ಎಲ್ಲ ಹೊಂದಾಣಿಕೆಯೂ ಕೈಯಿಂದ ಮಾಡಲು ಬರಬೇಕು, ಮೈಕ್ ಮತ್ತು ಹೆಡ್‌ಫೋನ್ ಎರಡಕ್ಕೂ ತೂತು ಇರಬೇಕು. ಹಿರಿಯರ ಮಾತು ದಾಖಲಿಸುವವಳಿಗೆ ಹೆಡ್‌ಫೋನ್ ಇಲ್ಲದೆ ಆಗದು. ಉಳಿದ ಹಣದಲ್ಲಿ ಅಂಗಿಗೆ ಸಿಕ್ಕಿಸುವ ಒಳ್ಳೆಯ ಮೈಕ್, ಒಂದು ಮುಕ್ಕಾಲಿ, ಎರಡು ಹಾರ್ಡ್ ಡ್ರೈವ್ ತೆಗೆದುಕೊಳ್ಳಿ. ಎರಡು ಏಕೆಂದರೆ ಪ್ರತಿ ದಿನದ ಚಿತ್ರೀಕರಣವೂ ಎರಡು ಕಡೆ ಇರಲೇಬೇಕು. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿ ಸಾಕು, ಬಣ್ಣ ಹೊಂದಿಸುವ ಕೆಲಸಕ್ಕೆ ವೃತ್ತಿಪರರೂ ಅದನ್ನೇ ಬಳಸುತ್ತಾರೆ.

ಮೊದಲ ಸಂದರ್ಶನ ಮುಗಿದ ಮೇಲೆ ಮೂರು ನಿಮಿಷಕ್ಕೆ ಕತ್ತರಿಸಿ ನನಗೆ ಕಳಿಸಲು ಹೇಳಿ. ಧ್ವನಿ ಹೇಗೆ ಬಂದಿದೆ, ಎಲ್ಲಿ ಕತ್ತರಿಸಬೇಕಿತ್ತು ಎಂದು ಕುಳಿತು ಬರೆದು ಕಳಿಸುತ್ತೇನೆ.